ಮುದ್ದವ್ವನ ಕೆರೆಯ ಮೇಲೆ ಎರಡು ಸೀಟಿಗಳ ದಂಡಯಾತ್ರೆ

ಏಳು ಕಡಲುಗಳ ನೀರನ್ನು ಒಂದೇ ಬೊಗಸೆಯಲ್ಲಿ ಹಿಡಿದುಕೊಂಡು, ಅದನ್ನು ಎಂಟು ದಿನಕ್ಕೊಮ್ಮೆ, ಅದೂ ಮುಂಜಾನೆ ಆರರಿಂದ ಆರೂಮುಕ್ಕಾಲರವರೆಗೆ ಮಾತ್ರ, ನಲ್ಲಿಯ ಕಿರುಗಂಠದ ಮೂಲಕ ಮರ್ತ್ಯರಿಗೆ ದಯಪಾಲಿಸುವ ಜಲಾಧಿದೇವತೆಯು ಮೊದಲು ಪ್ರಸನ್ನಳಾಗಲಿ. ವೀರರ ಕಥೆಯನ್ನು ಹೇಳಹೊರಟವನ ನಾಲಗೆಗೆ ಕೆಸರು ಮೆತ್ತದಂತೆ ವಾಗ್ದೇವಿಯು ಕಾಯಲಿ. ಅಷ್ಟದಿಕ್ಪಾಲಕರು ತಮ್ಮ ತಮ್ಮ ಆನೆಗಳನ್ನು ಸ್ವಲ್ಪ ಹೊತ್ತು ಗೂಟಕ್ಕೆ ಕಟ್ಟಿ, ಕುಳಿತು ಕೇಳಲಿ. ಏಕೆಂದರೆ ಈ ಕಥೆಯಲ್ಲಿ ಭೂಮಿಯು ಎರಡು ಬಾರಿ ನಡುಗಲಿದೆ, ಮತ್ತು ಒಂದು ಕ್ಯಾನ್ವಾಸ್ ಬೂಟು ಶಾಶ್ವತವಾಗಿ ಕಾಣೆಯಾಗಲಿದೆ.

ಅದು ಗೇಟುಗಳ ಯುಗ. ಆ ಯುಗದಲ್ಲಿ ಧಾರವಾಡ ಸೀಮೆಯ ಒಂದು ಪಟ್ಟಣದ ಅಂಚಿನಲ್ಲಿ, ಜೋಳದ ಹೊಲಗಳ ಎದೆಯನ್ನು ಸೀಳಿಕೊಂಡು, ಹೊಸಬೆಳಗು ಬಡಾವಣೆಯೆಂಬ ಅರವತ್ತೆರಡು ಮನೆಗಳ ಮಹಾನಗರವು ಉದಿಸಿತ್ತು. ಪ್ರತಿ ಮನೆಗೂ ಒಂದು ಗೇಟು, ಪ್ರತಿ ಗೇಟಿಗೂ 'ನಾಯಿ ಇದೆ, ಎಚ್ಚರಿಕೆ' ಎಂಬ ಫಲಕ. ಫಲಕದ ಹಿಂದೆ ನಾಯಿ ಮಾತ್ರ ಇರಲಿಲ್ಲ. ಇಡೀ ಬಡಾವಣೆಗೆ ಇದ್ದದ್ದು ಒಂದೇ ನಾಯಿ. ಅದು ಯಾರ ಗೇಟಿನೊಳಗೂ ಪ್ರವೇಶವಿಲ್ಲದೆ ನಡುರಸ್ತೆಯಲ್ಲಿ ಮಲಗಿ, ಅರವತ್ತೆರಡು ಫಲಕಗಳ ಮರ್ಯಾದೆಯನ್ನು ಒಂಟಿಯಾಗಿ ಕಾಯುತ್ತಿತ್ತು. ಅಲ್ಲಿಯ ಜನರಿಗೆ ಹೆಸರುಗಳಿರಲಿಲ್ಲ, ಅಂಕಿಗಳಿದ್ದವು. ಮೂವತ್ತನೆಯ ನಂಬರಿನವರು ಇಪ್ಪತ್ತೊಂಬತ್ತನೆಯ ನಂಬರಿನವರನ್ನು ಕಂಡರೆ ಮುಗುಳ್ನಗದೆ, ಮುಗುಳ್ನಗಲು ಕಾರಣವೇನಾದರೂ ಇದೆಯೇ ಎಂದು ಯೋಚಿಸುವಷ್ಟರಲ್ಲಿ ಗೇಟು ಹಾಕಿಕೊಂಡಿರುತ್ತಿದ್ದರು.

ಅಲ್ಲಿಯ ಹದಿನೇಳನೆಯ ನಂಬರಿನ ಗೇಟಿನ ಹಿಂದೆ ನೆಲೆಸಿದ್ದವನೇ ಈ ಕಥೆಯ ನಾಯಕ. ಸರ್ಕಾರಿ ಬಸ್ಸಿನ ನಿವೃತ್ತ ಕಂಡಕ್ಟರ, ಫುಟ್‌ಬೋರ್ಡಾಗ್ರಸುಸ್ಥಿತ, ಕಿಟಕಿಪ್ರಕ್ಷಿಪ್ತಕರವಸ್ತ್ರವ್ಯಾಜ್ಯನಿರ್ಣಯಧುರಂಧರ, ಈರಸಂಗಪ್ಪ ಬಾರಕೇರ. ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದವನಿಗೂ, ಬಾಗಿಲಿನಿಂದ ಬಂದು ಅದರ ಮೇಲೆ ಕುಳಿತವನಿಗೂ ನಡುವೆ ಹುಟ್ಟುವ ಘೋರ ಕಲಹಗಳನ್ನು ಮೂವತ್ತನಾಲ್ಕು ವರ್ಷ ಒಂದೇ ಒಂದು ಹುಬ್ಬಿನ ಚಲನೆಯಿಂದ ತೀರ್ಮಾನಿಸಿದವನು ಅವನು. ದಿನಕ್ಕೆ ಆರುನೂರು ಮುಖಗಳನ್ನು ನೋಡಿದ, ಆರುನೂರು ಭುಜಗಳಿಗೆ ಭುಜ ತಾಗಿಸಿದ ಆ ಪುರುಷನು ಈಗ ಮೂರು ಕೋಣೆಯ ಮನೆಯಲ್ಲಿ, ಅಡ್ಡಬಂದ ಯಾರಿಗಾದರೂ 'ಮುಂದ ಸರೀರಿ' ಎನ್ನಲು ತವಕಿಸುತ್ತಿದ್ದನು. ಅಡ್ಡಬರಲು ಅಲ್ಲಿದ್ದವಳು ಹೆಂಡತಿ ಕಾಶವ್ವ ಒಬ್ಬಳೇ; ಅವಳು ಸರಿಯುತ್ತಿರಲಿಲ್ಲ.

ಅವನ ಎದೆಯ ಮೇಲೆ, ಬನಿಯನ್ನಿನ ಒಳಗೆ, ಕರಿದಾರದಲ್ಲಿ ಒಂದು ಹಿತ್ತಾಳೆಯ ಸೀಟಿ ಜೋಲುತ್ತಿತ್ತು. ಪ್ರಯಾಣಭೈರವವೆಂದು ಕರೆಯಲು ತಕ್ಕದ್ದಾದ ಆ ಆಯುಧದ ಧರ್ಮ ಸರಳವಾದದ್ದು: ಒಮ್ಮೆ ಊದಿದರೆ ಜಗತ್ತು ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಸೂರ್ಯನು ಮೂಡುವುದೂ ಮುಳುಗುವುದೂ ಇದೇ ನಿಯಮದಂತೆ ಎಂದು ಈರಸಂಗಪ್ಪನು ನಂಬಿದ್ದನು.

ಹೀಗಿರಲು ಒಂದು ಶುಕ್ರವಾರ ನೀರಿನ ಟಾಕಿಯ ಗೋಡೆಯ ಮೇಲೆ ಒಂದು ಕಾಗದ ಪ್ರತ್ಯಕ್ಷವಾಯಿತು. 'ಮುದ್ದವ್ವನ ಕೆರೆ ಉಳಿಸೋಣ. ರವಿವಾರ ಮುಂಜಾನೆ ಏಳಕ್ಕೆ ಬನ್ನಿ. ಯಾರು ಬೇಕಾದರೂ ಬರಬಹುದು. ಚಹಾ ಇದೆ.' ಈರಸಂಗಪ್ಪನು ಅದನ್ನು ಮೂರು ಸಲ ಓದಿದನು. 'ಯಾರು ಬೇಕಾದರೂ' ಎಂಬ ಎರಡು ಪದಗಳನ್ನು ನಾಲ್ಕನೆಯ ಸಲವೂ ಓದಿದನು.

"ಏನ ಓದಾಕತ್ತೀರಿ ಅಷ್ಟೊತ್ತಿಂದ?" ಎಂದಳು ಕೊಡ ಹೊತ್ತು ಬಂದ ಕಾಶವ್ವ.

"ಕೆರಿ ಸ್ವಚ್ಛ ಮಾಡ್ತಾರಂತ."

"ಮನ್ಯಾಗಿನ ಬಚ್ಚಲಾ ಮೊದಲ ಸ್ವಚ್ಛ ಮಾಡ್ರಿ. ಹೇಳಿ ಎರಡು ತಿಂಗಳಾತು."

ಈರಸಂಗಪ್ಪನು ಕಾಗದದಿಂದ ಕಣ್ಣು ತೆಗೆಯದೆ, "ಬಚ್ಚಲದಾಗ ಮಂದಿ ಇರೂದಿಲ್ಲ, ಕಾಶವ್ವಾ," ಎಂದನು.

ಕಾಶವ್ವನು ಕೊಡವನ್ನು ಸರಿಪಡಿಸಿಕೊಂಡು ಮನೆಯ ಕಡೆ ನಡೆದಳು. ಆದರೆ ಶನಿವಾರ ಸಂಜೆ ಅವನ ಹಳೆಯ ಖಾಕಿ ಅಂಗಿ ಟ್ರಂಕಿನಿಂದ ಹೊರಬಂದು, ಇಸ್ತ್ರಿಯಾಗಿ, ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಕವಚಧಾರಣೆಯೆಂದರೆ ಇದು.

ರವಿವಾರ ಬಂದಿತು. ಪೂರ್ವದಿಗಂತವು ಇನ್ನೂ ಹಲ್ಲುಜ್ಜುತ್ತಿರುವಾಗಲೇ ವೀರನು ಕೆರೆಯ ಏರಿಯನ್ನು ಹತ್ತಿ ನಿಂತು ಶತ್ರುವನ್ನು ನೋಡಿದನು. ಹನ್ನೊಂದು ಎಕರೆ ಕೆರೆ; ಅದರಲ್ಲಿ ಹನ್ನೊಂದು ಎಕರೆಯೂ ಹಸಿರು. ಅಂತರಗಂಗೆಯೆಂಬ ಆ ತೇಲುಗಳೆಯು, ಉಬ್ಬಿದ ದಂಟುಗಳ ಗದೆಗಳನ್ನು ಮೇಲೆತ್ತಿ, ಎಲೆಗೆ ಎಲೆ ಗುರಾಣಿಯಾಗಿ, ನೀಲಿ ಹೂಗಳ ಕಿರೀಟ ಧರಿಸಿ, ಒಂದು ಕಪ್ಪೆಯೂ ಮೂಗು ಹೊರಹಾಕಲಾರದಷ್ಟು ಒತ್ತೊತ್ತಾಗಿ ಅಕ್ಷೌಹಿಣಿಗಟ್ಟಲೆ ನಿಂತಿತ್ತು. ಮಂದಿ ಕಿಕ್ಕಿರಿದದ್ದನ್ನು ಬಹುಕಾಲದ ನಂತರ ಕಂಡ ಈರಸಂಗಪ್ಪನಿಗೆ ಶತ್ರುವಿನ ಬಗ್ಗೆಯೂ ಒಂದು ಕ್ಷಣ ಅಸೂಯೆಯಾಯಿತು.

ಈ ಸೈನ್ಯದ ಎದುರು ಮಾನವಸೈನ್ಯವು ಹನ್ನೊಂದು ಜನರದಾಗಿತ್ತು. ದಳಪತಿಯು ನಲವತ್ತೊಂದನೆಯ ನಂಬರಿನ ಮೆಹಜಬೀನ್. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು, ಗೋಡೆಗೆ ಕಾಗದ ಅಂಟಿಸಿದವಳು, ಮೊಳಕಾಲಿನವರೆಗೆ ರಬ್ಬರು ಬೂಟು ಧರಿಸಿದ್ದವಳು. ಅವಳ ಪಕ್ಕದಲ್ಲಿ ಚಹಾದ ಪಾತ್ರೆಯೊಡನೆ ನಿಂತಿದ್ದವಳು ಶರವ್ವ. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕಳಿಸುವ ಆ ರೊಟ್ಟಿತಾಡನಕಠೋರಕರತಲೆಯ ತೋಳುಗಳನ್ನು ಕಂಡು ಕೆರೆಯ ಬೆಳ್ಳಕ್ಕಿಗಳು ಸ್ವಲ್ಪ ದೂರ ಸರಿದು ಕುಳಿತಿದ್ದವು.

"ಇದು ಹದಿನೈದು ದಿನಕ್ಕ ಎರಡಪಟ್ಟ ಆಗ್ತದ್ರಿ," ಎಂದು ಮೆಹಜಬೀನ್ ಯುದ್ಧನೀತಿಯನ್ನು ವಿವರಿಸಿದಳು. "ಹರದ್ರ ಹರದಷ್ಟೂ ಹೊಸಾ ಗಿಡಾ ಆಗ್ತದ. ಬೇರ ಸಮೇತ ದಂಡಿಗೆ ಎಳದ ಹಾಕಬೇಕು. ಶರವ್ವಾರು ತಮ್ಮ ಪಾತಾಳಗರಡಿ ತಂದಾರ. ಅದನ್ನ ಹಗ್ಗಕ್ಕ ಕಟ್ಟಿ ಒಗಿಯೂಣು, ಎಲ್ಲಾರೂ ಕೂಡಿ ಎಳಿಯೂಣು."

ಬಾವಿಗೆ ಬಿದ್ದ ಕೊಡಗಳನ್ನು ಎತ್ತುವ ಆ ಬಹುಕೊಕ್ಕೆಯ ಕಬ್ಬಿಣವು ಗಾಳಿಯಲ್ಲಿ ತಿರುಗಿ, ಕಳೆಯ ನಡುವೆ ಬಿದ್ದು, ಕಚ್ಚಿ ಕುಳಿತಿತು. ಹನ್ನೊಂದು ಜನರು ಹಗ್ಗ ಹಿಡಿದು ಸಾಲಾದರು. ಯಾರೋ ಆಜ್ಞೆ ಕೊಡಬೇಕಾಗಿತ್ತು. ಆ ಮಹಾಮೌನದಲ್ಲಿ ಈರಸಂಗಪ್ಪನ ಕೈಯು ಅವನನ್ನು ಕೇಳದೆಯೇ ಬನಿಯನ್ನಿನೊಳಗೆ ಇಳಿಯಿತು. ಎರಡು ವರ್ಷಗಳ ನಂತರ ಪ್ರಯಾಣಭೈರವವು ಎರಡು ಸಲ ಮೊಳಗಿತು. ಹನ್ನೊಂದು ಜನರಲ್ಲಿ, ಬದುಕಿನ ಬಹುಭಾಗವನ್ನು ಬಸ್ಸಿನಲ್ಲಿ ಕಳೆದಿದ್ದ ಐವರು, ಏಕೆಂದು ತಿಳಿಯದೆ, ಹಗ್ಗ ಎಳೆದರು. ಕಳೆಯು ಒಂದು ಮೊಳ ಮುಂದೆ ಬಂದಿತು.

ಆಗ ಸಾಲಿನ ಮುಂದಿನಿಂದ ಇನ್ನೊಂದು ಸೀಟಿ, ಸಿಡಿಲಿಗೆ ಸಿಡಿಲು ಉತ್ತರ ಕೊಟ್ಟಂತೆ, ಒಂದೇ ಒಂದು ಸಲ, ದೀರ್ಘವಾಗಿ ಮೊಳಗಿತು.

ಊದಿದವನು ಅರವತ್ತೆರಡನೆಯ ನಂಬರಿನ ಮೂಲೆಮನೆಯವನು. ಶ್ವೇತಪ್ಯಾಂಟಪರಿವೇಷ್ಟಿತ, ಶ್ವೇತಕ್ಯಾನ್ವಾಸಪಾದುಕಾಭೂಷಿತ, ಪ್ರೌಢಶಾಲೆಯ ನಿವೃತ್ತ ಪಿ.ಟಿ. ಮಾಸ್ತರ, ನೇಮಣ್ಣ ಉಪಾಧ್ಯೆ. ಅವನ ಕೊರಳಲ್ಲಿ ಬಹಿರಂಗವಾಗಿ ತೂಗುತ್ತಿದ್ದ ಕರಿಯ ಸೀಟಿಯ ಧರ್ಮ ಬೇರೆಯೇ ಆಗಿತ್ತು: ಒಮ್ಮೆ ಊದಿದರೆ ಆರಂಭ, ಎರಡು ಸಲ ಊದಿದರೆ ನಿಲ್ಲು. ಶಾಲೆಯ ಕವಾಯತಿನ ನೆನಪುಳ್ಳ ಉಳಿದ ಆರು ಜನರು ಈಗ ಎಳೆಯತೊಡಗಿದರು. ಬಸ್ಸಿನ ಐವರು ತಟಕ್ಕನೆ ನಿಂತರು. ವ್ಯವಸ್ಥೆ ಕೆಟ್ಟಿತೆಂದು ಈರಸಂಗಪ್ಪನು ನಿಲ್ಲಿಸಲು ಒಮ್ಮೆ ಊದಿದನು. ಕವಾಯತಿನವರು ಇನ್ನೂ ಜೋರಾಗಿ ಎಳೆದರು. ನೇಮಣ್ಣನು ನಿಲ್ಲಿಸಲು ಎರಡು ಸಲ ಊದಿದನು, ಬಸ್ಸಿನವರು ಹೊರಟರು. ಹಗ್ಗವು ದಿಗ್ಭ್ರಾಂತವಾಗಿ ಕಳೆಯನ್ನು ಬಿಟ್ಟುಕೊಟ್ಟಿತು. ಹನ್ನೊಂದು ಜನರು ಒಬ್ಬರ ಮೇಲೊಬ್ಬರು ಏರಿಯ ಮೇಲೆ ಉರುಳಿದರು. ಭೂಮಿಯು ಮೊದಲ ಬಾರಿ ನಡುಗಿದ್ದು ಆಗಲೇ. ಚಹಾದ ಪಾತ್ರೆಯು ಮಗುಚಿತು. ಶರವ್ವನು ಬರಿದಾದ ಪಾತ್ರೆಯನ್ನೆತ್ತಿ ಏರಿಯ ಮೇಲೆ ಕುಕ್ಕಿದಳು, ಆ ಸದ್ದೇ ಭಯಂಕರವಾಗಿತ್ತು.

ವೀರರಿಬ್ಬರೂ ಎದ್ದರು. ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟರು.

"ಯಾರ ಅಪ್ಪಣಿ ತಗೊಂಡು ಊದಿದ್ರಿ ನೀವು?" ಎಂದನು ನೇಮಣ್ಣ.

"ಸಂತಿ ದಿನ, ಮ್ಯಾಲ ಟಾಪಿನಾಗ ಕುರಿ, ಒಳಗ ಕಾಲಿಡಾಕ ಜಾಗಾ ಇಲ್ಲ, ಅಂಥಾ ಬಸ್ಸು ಈ ಸೀಟಿಗೆ ನಿಲ್ತಿತ್ತು, ಈ ಸೀಟಿಗೆ ಹೊಂಡ್ತಿತ್ತು," ಎಂದು ಈರಸಂಗಪ್ಪನು ಗರ್ಜಿಸಿದನು. "ಡ್ರೈವರ್ ಹಿಂದ ತಿರುಗಿ ನೋಡ್ತಿದ್ದಿಲ್ಲ. ಒಂದ ಸಲ ಊದಿದ್ಯಾ, ಬ್ರೇಕು. ಕುರಿ ಸುದ್ದಾ ತಿಳಕೊಂಡಿದ್ವು. ನಿಮಗ ಅಪ್ಪಣಿ ಬೇಕೇನು?"

"ತಾಲೂಕಾ ಮೈದಾನದಾಗ ಎಂಟನೂರು ಹುಡುಗೂರ ನಿಂತಿರತಿದ್ರು," ಎಂದು ನೇಮಣ್ಣನು ಎದೆಯುಬ್ಬಿಸಿದನು. "ನಾ ಒಂದ ಸೀಟಿ ಊದಿದ್ರ ಎಂಟನೂರ ಬಲಗಾಲು ಒಮ್ಮಿಗೆ ಮ್ಯಾಲ ಏಳತಿದ್ವು. ಒಂದ್ಸಲ ಮಂತ್ರಿಗಳ ಕಾಲೂ ಎದ್ದಿತ್ತು. ನೀವು ಬಸ್ಸು ನಡಸಿದ್ದಲ್ಲ, ಬಸ್ಸಿನ್ಯಾಗ ನಿಂತಿದ್ರಿ ಅಷ್ಟ."

ಈ ಕೊನೆಯ ಮಾತು ಬಾಣದಂತೆ ನಾಟಿತು. ಈರಸಂಗಪ್ಪನು ಮನೆಗೆ ಬಂದು ಊಟ ಮಾಡದೆ ಮಲಗಿದನು. ಬಸ್ಸಿನಲ್ಲಿ ಬರಿದೆ ನಿಂತವನೇ ತಾನು? ಮೂವತ್ತನಾಲ್ಕು ವರ್ಷ?

ಆದರೆ ಸೋಮವಾರ ಬೆಳಗಾಗುತ್ತಲೇ ಅವನೊಳಗಿನ ಕ್ಷಾತ್ರವು ಮೈಕೊಡವಿತು. ಸೀಟಿಯ ನ್ಯಾಯವನ್ನು ಲೋಕದ ಮುಂದೆ ಇಡಬೇಕೆಂದು ನಿಶ್ಚಯಿಸಿ, ಅವನು ಹದಿನೆಂಟನೆಯ ನಂಬರಿನ ಗೇಟಿನ ಮುಂದೆ ನಿಂತು, ನಾಯಿಯ ಫಲಕಕ್ಕೆ ಒಮ್ಮೆ ಕೈಮುಗಿದು, ಚಿಲಕ ಸರಿಸಿದನು.

"ಯಾರ್ರಿ?" ಎಂದರು ಒಳಗಿನಿಂದ.

"ಬಾಜೂ ಮನಿಯಾಂವರಿ. ಒಂದ ಮಾತು ಕೇಳಬೇಕಿತ್ತು. ಎರಡು ಸೀಟಿ ಊದಿದ್ರ ನೀವು ಹೊಂಡ್ತೀರೋ, ನಿಲ್ತೀರೋ?"

ಹದಿನೆಂಟನೆಯ ನಂಬರಿನವರು ಹೊರಗೆ ಬಂದು, ಬಹಳ ಯೋಚಿಸಿ, "ಹೊಂಡ್ತೀನ್ರಿ. ನಮ್ಮ ಮನ್ಯಾಕಿ ನಿಲ್ತಾಳ. ಒಳಗ ಬರ್ರಿ, ಚಹಾ ಕುಡಿಯೂಣು," ಎಂದರು.

ಆ ವಾರ ಹೊಸಬೆಳಗು ಬಡಾವಣೆಯಲ್ಲಿ ನಡೆದದ್ದನ್ನು ವರ್ಣಿಸಲು ಸಾವಿರ ಹೆಡೆಯುಳ್ಳವನಿಗೂ ಸಾವಿರದ ಒಂದನೆಯ ನಾಲಗೆ ಬೇಕು. ಈರಸಂಗಪ್ಪನು ಬಡಗಣ ಬೀದಿಯ ಗೇಟುಗಳನ್ನು ಒಂದೊಂದಾಗಿ ಭೇದಿಸಿಕೊಂಡು ನಡೆದರೆ, ತೆಂಕಣ ಬೀದಿಯಲ್ಲಿ ನೇಮಣ್ಣನು ಅದೇ ಕಾರ್ಯದಲ್ಲಿದ್ದನು. ಮನೆಮನೆಯಲ್ಲಿ ಪಕ್ಷಗಳಾದವು. ಸೊಪ್ಪಿನ ಗಾಡಿಯ ಸುತ್ತ ಸೇರಿದ ಹೆಂಗಸರು ಸೊಪ್ಪನ್ನು ಮರೆತು ಸೀಟಿಯ ತರ್ಕದಲ್ಲಿ ಮುಳುಗಿದರು. ಇಪ್ಪತ್ತೊಂಬತ್ತು ಮತ್ತು ಮೂವತ್ತನೆಯ ನಂಬರಿನವರು ಆರು ವರ್ಷಗಳ ಮೌನವನ್ನು ಮುರಿದು ಕಾಂಪೌಂಡಿನ ಮೇಲಿಂದ ಜಗಳವಾಡಿ, ಜಗಳದ ನಡುವೆ ಇಬ್ಬರ ತವರೂ ಒಂದೇ ಊರೆಂದು ತಿಳಿದು, ಜಗಳವನ್ನು ಮುಂದುವರಿಸಲು ಒಂದೇ ಮನೆಯೊಳಗೆ ಹೋದರು. ಈರಸಂಗಪ್ಪನ ಕಂಠವು ಒಡೆದಿತ್ತು. ಬುಧವಾರ ಅವನು ಎರಡು ರೊಟ್ಟಿ ಹೆಚ್ಚಿಗೆ ಉಂಡದ್ದನ್ನು ಕಾಶವ್ವನು ಗಮನಿಸಿ, ಗಮನಿಸದವಳಂತೆ ಮೂರನೆಯದನ್ನೂ ಬಡಿಸಿದಳು.

ಎರಡನೆಯ ರವಿವಾರ ಮುದ್ದವ್ವನ ಕೆರೆಯ ಏರಿಯ ಮೇಲೆ ಮೂವತ್ತೊಂದು ಜನರು ಸೇರಿದ್ದರು. ಬಾರದವರು ತಾರಸಿಗಳ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮೆಹಜಬೀನ್ ತನ್ನ ಸೈನ್ಯವನ್ನು ನೋಡಿದಳು. ಸೈನ್ಯವು ಎರಡಾಗಿ ನಿಂತಿತ್ತು.

"ಒಂದ ಸೀಟಿಗೆ ಒಪ್ಪಿಕೊಳ್ರಿ," ಎಂದಳು ಅವಳು.

"ಸಾಧ್ಯ ಇಲ್ಲ," ಎಂದರು ವೀರರಿಬ್ಬರೂ. ಅವರು ಒಮ್ಮತದಿಂದ ಆಡಿದ ಮೊದಲ ಮಾತು ಅದು.

"ಹಂಗಾರ ಒಬ್ಬರು ಈ ದಂಡಿಗೆ, ಒಬ್ಬರು ಆ ದಂಡಿಗೆ ಹೋಗ್ರಿ. ನನಗ ಕಳೆ ಹೊರಗ ಬಂದ್ರ ಸಾಕು."

ಕೆರೆಯು ಕೋಡಿಯ ಬಳಿ ಕಿರಿದಾಗಿ, ಒಂದು ಕಾಲುವೆಯಷ್ಟೇ ಅಗಲವಾಗುವ ಸ್ಥಳವದು. ನಡುವೆ ಆಳೆತ್ತರದ ಜೊಂಡುಹುಲ್ಲು. ಒಂದು ದಂಡೆಯವರಿಗೆ ಇನ್ನೊಂದು ದಂಡೆಯವರು ಕಾಣರು. ಮೂಡಣ ದಂಡೆಯಲ್ಲಿ ಈರಸಂಗಪ್ಪನು ಹದಿನೈದು ಜನರ ದಳದೊಡನೆ ಶರವ್ವನ ಪಾತಾಳಗರಡಿಯನ್ನು ಎಸೆದನು. ಪಡುವಣ ದಂಡೆಯಲ್ಲಿ ನೇಮಣ್ಣನು ಹನ್ನೆರಡು ಜನರೊಡನೆ ತಾನೇ ಹುಡುಕಿ ತಂದ ಎರಡನೆಯ ಪಾತಾಳಗರಡಿಯನ್ನು ಎಸೆದನು. ಎರಡೂ ಕಡೆ ಕೊಕ್ಕೆ ಕಚ್ಚಿತು. ಎರಡೂ ಕಡೆ ಸೀಟಿ ಮೊಳಗಿತು. ಎರಡೂ ಕಡೆ ಎಳೆತ ಆರಂಭವಾಯಿತು.

ಎಂಥ ಎಳೆತವದು. ಹಿಮ್ಮಡಿಗಳು ಏರಿಯ ಮಣ್ಣಲ್ಲಿ ಹೂತವು, ಹಗ್ಗವು ವೀಣೆಯ ತಂತಿಯಂತೆ ಮಿಡಿಯಿತು, ಹದಿನೆಂಟನೆಯ ನಂಬರಿನವರ ಪ್ಯಾಂಟಿನ ಹಿಂಬದಿಯು ದೀರ್ಘ ನಿಟ್ಟುಸಿರಿನೊಡನೆ ಬಿರಿಯಿತು. ಕಳೆಯು ಅಲುಗಲಿಲ್ಲ. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆ ಕಳೆಯಿತು, ಮುಕ್ಕಾಲು ಗಂಟೆಯೂ ಕಳೆಯಿತು. ಒಮ್ಮೆ ಒಂದು ಮೊಳ ಈಚೆ ಬಂದರೆ, ಮರುಕ್ಷಣದಲ್ಲಿ ಯಾವುದೋ ಅದೃಶ್ಯ ಶಕ್ತಿಯು ಅದನ್ನು ಒಂದು ಮೊಳ ಆಚೆ ಸೆಳೆಯುತ್ತಿತ್ತು.

"ಇದಕ್ಕ ಜೀವ ಐತ್ರಿ," ಎಂದು ಯಾರೋ ಏದುಸಿರಿನಲ್ಲಿ ಹೇಳಿದರು. "ತಿರುಗಿ ಎಳಿಯಾಕತ್ತೈತಿ."

"ಬೇರು ಪಾತಾಳಕ್ಕ ಇಳದಾವು," ಎಂದನು ಈರಸಂಗಪ್ಪ, ಗಂಭೀರವಾಗಿ. ಪಡುವಣ ದಂಡೆಯಲ್ಲಿ ನೇಮಣ್ಣನೂ ಅದೇ ಕ್ಷಣಕ್ಕೆ ಅದೇ ನಿರ್ಣಯಕ್ಕೆ ಬಂದಿದ್ದನು.

ಎತ್ತರದ ಕೋಡಿಯ ಕಟ್ಟೆಯ ಮೇಲೆ ಚಹಾ ಸೋಸುತ್ತಿದ್ದ ಶರವ್ವನಿಗೆ ಮಾತ್ರ ಎರಡೂ ದಂಡೆಗಳು ಕಾಣುತ್ತಿದ್ದವು. ಎರಡೂ ಹಗ್ಗಗಳೂ, ಅವು ಕಚ್ಚಿಕೊಂಡಿದ್ದ ಒಂದೇ ಒಂದು ಕಳೆಯ ಗಡ್ಡೆಯೂ ಕಾಣುತ್ತಿದ್ದವು. ಅವಳು ಪಕ್ಕದಲ್ಲಿದ್ದ ಮೆಹಜಬೀನಳ ಕಡೆ ನೋಡಿದಳು. ಮೆಹಜಬೀನ್ ಆಗಲೇ ನೋಡಿ ಮುಗಿಸಿ ಚಹಾ ಕುಡಿಯುತ್ತಿದ್ದಳು.

"ಹೇಳೂದಿಲ್ಲೇನ್ರಿ ಮೇಡಂ?"

"ತಡೀರಿ. ನಾ ಈ ಬಡಾವಣಿಗೆ ಬಂದು ನಾಕು ವರ್ಷ ಆತು. ಇಷ್ಟು ಮಂದಿ ಒಂದ ಕಡೆ ನೋಡಿದ್ದು ಇವತ್ತ ಮೊದಲು."

"ಒಂದ ಕಡೆ ಎಲ್ಲ್ಯದಾರ್ರಿ, ಎರಡು ಕಡೆ ಅದಾರ."

"ಎಳಿಯೂ ಕಳೆ ಒಂದ ಅಲ್ಲೇನ್ರಿ," ಎಂದಳು ಮೆಹಜಬೀನ್.

ಆಗ ಈರಸಂಗಪ್ಪನು ಆ ಯುಗದಲ್ಲಿ ಯಾರೂ ಕೈಗೊಳ್ಳದ ನಿರ್ಧಾರವನ್ನು ಕೈಗೊಂಡನು. ಖಾಕಿಯ ತೋಳನ್ನು ಮೇಲೇರಿಸಿ, ಕುಡುಗೋಲನ್ನು ಹಲ್ಲಿನ ನಡುವೆ ಕಚ್ಚಿ, "ನಾನ ಒಳಗಿಳಿದು ಬೇರು ಕೊಯ್ದು ಬರ್ತೇನಿ. ನಾ ಬರೂತನಕಾ ಹಗ್ಗ ಬಿಡಬ್ಯಾಡ್ರಿ," ಎಂದನು. ಕುಡುಗೋಲಿನ ಕಾರಣದಿಂದ ಅದು ಯಾರಿಗೂ ಅರ್ಥವಾಗಲಿಲ್ಲ. ಆದರೂ ಎಲ್ಲರೂ ತಲೆಯಾಡಿಸಿದರು.

ನೀರು ಮೊಳಕಾಲಿಗೆ ಬಂದಿತು, ಸೊಂಟಕ್ಕೆ ಬಂದಿತು. ಅಂತರಗಂಗೆಯ ದಂಟುಗಳು ಪಕ್ಕೆಗೆ ತಿವಿದವು, ಜಿಗಣೆಯೊಂದು ಆತ್ಮೀಯವಾಗಿ ಕಾಲಿಗೆ ಅಂಟಿತು. ಅವನು ಹಿಂತಿರುಗಲಿಲ್ಲ. ಬಸ್ಸಿನಲ್ಲಿ ಬರಿದೆ ನಿಂತವನಲ್ಲ ತಾನು ಎಂಬುದನ್ನು ಪ್ರತಿಯೊಂದು ಹೆಜ್ಜೆಯೂ ಘೋಷಿಸುತ್ತಿತ್ತು. ಕಡೆಗೆ ಕಳೆಯ ಗಡ್ಡೆಯ ಹೃದಯಭಾಗವನ್ನು ತಲುಪಿ, ಎರಡು ಕೈಗಳಿಂದ ಎಲೆಗಳ ತೆರೆಯನ್ನು ಸರಿಸಿದನು.

ತೆರೆಯ ಆಚೆ, ಒಂದು ಗೇಣಿನ ದೂರದಲ್ಲಿ, ಬಾಯಲ್ಲಿ ಕುಡುಗೋಲು ಕಚ್ಚಿಕೊಂಡು, ತಲೆಯ ಮೇಲೊಂದು ನೀಲಿ ಹೂ ಧರಿಸಿ, ನೇಮಣ್ಣ ಉಪಾಧ್ಯೆಯ ಮುಖವಿತ್ತು.

ಮೊದಲು ಕುಡುಗೋಲುಗಳು ಬಾಯಿಯಿಂದ ಹೊರಬಂದವು. ಅನಂತರ ಇಬ್ಬರ ಕಣ್ಣುಗಳೂ ಒಟ್ಟಿಗೆ ಕೆಳಗಿಳಿದವು. ಅಲ್ಲಿ, ಕಳೆಯ ಬೇರುಗಳ ಮಧ್ಯೆ, ಎರಡು ಪಾತಾಳಗರಡಿಗಳು ಕೊಕ್ಕೆಗೆ ಕೊಕ್ಕೆ ಹೆಣೆದುಕೊಂಡು ದಂಪತಿಗಳಂತೆ ಶಾಂತವಾಗಿದ್ದವು.

"ಒಂದ ತಾಸು," ಎಂದನು ನೇಮಣ್ಣ.

"ಯಾರಿಗೂ ಹೇಳೂದು ಬ್ಯಾಡ್ರಿ," ಎಂದನು ಈರಸಂಗಪ್ಪ.

"ಬ್ಯಾಡ್ರಿ."

ಗೌರವದಿಂದ ಹಿಂದೆ ಸರಿಯೋಣವೆಂದು ಇಬ್ಬರೂ ಕಾಲೆತ್ತಲು ನೋಡಿದರು. ಕಾಲು ಬರಲಿಲ್ಲ. ಮುದ್ದವ್ವನ ಕೆರೆಯ ನೂರಾರು ವರ್ಷಗಳ ಹೂಳು ಅವರಿಬ್ಬರನ್ನೂ ತೊಡೆಯವರೆಗೆ ನುಂಗಿ, ಮೆಲ್ಲಗೆ ಚಪ್ಪರಿಸುತ್ತಿತ್ತು.

ಅಭ್ಯಾಸಬಲದಿಂದ ಈರಸಂಗಪ್ಪನು ನಿಲ್ಲಿಸಲೆಂದು ಒಮ್ಮೆ ಊದಿದನು. ನೇಮಣ್ಣನು ನಿಲ್ಲಿಸಲೆಂದು ಎರಡು ಸಲ ಊದಿದನು. ಜೊಂಡಿನ ಆಚೆ ಎರಡೂ ದಳಗಳು ಎದುರು ಪಕ್ಷದ ಸೀಟಿಯನ್ನು ತಮ್ಮದೆಂದು ತಿಳಿದು, ಇಪ್ಪತ್ತೇಳು ಜನರ ಬಲದಿಂದ ಒಮ್ಮೆಲೇ ಎಳೆದವು. ಕಳೆಯ ಗಡ್ಡೆಯು ವೀರರಿಬ್ಬರನ್ನೂ ನಡುವಿನಲ್ಲಿಟ್ಟು ಹೋಳಿಗೆಯ ಕಣಕದಂತೆ ಒತ್ತಿ ಮುಚ್ಚಿತು. ಇಬ್ಬರ ಮೂಗುಗಳೂ ತಾಗಿದವು.

"ಇನ್ನ ಊದಬ್ಯಾಡ್ರಿ," ಎಂದನು ನೇಮಣ್ಣ ಕ್ಷೀಣಸ್ವರದಲ್ಲಿ.

"ನೀವೂ ಊದಬ್ಯಾಡ್ರಿ."

ಸ್ವಲ್ಪ ಹೊತ್ತು ಕಪ್ಪೆಯೊಂದು ಇಬ್ಬರನ್ನೂ ನೋಡಿತು.

"ನಿಮ್ಮ ಹೆಸರೇನ್ರಿ?" ಎಂದನು ಈರಸಂಗಪ್ಪ. "ಒಂದ ವಾರ ನಿಮಗ ಬೈದೇನಿ. ಹೆಸರು ಗೊತ್ತಿಲ್ಲ, ಮೂಲಿಮನಿ ಮಾಸ್ತರ ಅಂತನ ಬೈದೇನಿ."

"ನೇಮಣ್ಣ. ನಾನೂ ನಿಮಗ ಹದಿನೇಳನೇ ನಂಬರ್ ಅಂತ ಬೈದೇನ್ರಿ."

"ಈರಸಂಗಪ್ಪ."

"ಚಲೋ ಹೆಸರು." ನೇಮಣ್ಣನು ಮೂಗಿನ ಮೇಲಿನ ಹುಳವನ್ನು ಊದಿ ಓಡಿಸಿದನು. "ಬಸ್ಸಿನ್ಯಾಗ ನಿಂತಿದ್ರಿ ಅಂದೆ. ಅನ್ನಬಾರದಿತ್ತು. ಸಿಟ್ಟಿನ್ಯಾಗ ಬಂತು."

"ಖರೇನ ಅಂದ್ರಿ. ನಿಂತ ಇದ್ದೆ. ಆದರ ಮಂದಿ ನಡಕ ನಿಂತಿದ್ದೆ ನೋಡ್ರಿ. ಈಗ ಮನ್ಯಾಗ ಕುಂತೇನಿ."

ನೇಮಣ್ಣನು ತಲೆಯಾಡಿಸಿದನು, ಅವನ ತಲೆಯ ಮೇಲಿನ ನೀಲಿ ಹೂವೂ ಆಡಿತು. "ನಾ ದಿನಾ ಮುಂಜಾನೆ ಐದೂವರಿಗೆ ಹಿತ್ತಲದಾಗ ಸಾಲು ನಿಲ್ತೇನ್ರಿ."

"ಒಬ್ಬರ ಹೆಂಗ ಸಾಲು ನಿಲ್ತೀರಿ?"

"ಅದ ನೋಡ್ರಿ ತ್ರಾಸು."

ಕೆಸರು ಇಬ್ಬರನ್ನೂ ಇನ್ನೊಂದು ಬೆರಳಿನಷ್ಟು ಒಳಗೆ ಸೆಳೆದುಕೊಂಡಿತು. ಈರಸಂಗಪ್ಪನಿಗೆ ಆ ಕ್ಷಣದಲ್ಲಿ, ನೀರು ಎದೆಗೆ ಬಂದಿದ್ದರೂ, ಜಿಗಣೆಗಳು ಮೂರಾಗಿದ್ದರೂ, ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ಸಂತೆಯ ದಿನದ ಬಸ್ಸಿನಲ್ಲಿ ನಿಂತಂತೆ ಹಿತವಾಗಿ ಇಕ್ಕಟ್ಟಾಗಿತ್ತು. ಆದರೆ ಮಾಸ್ತರನ ತುಟಿ ಚಳಿಗೆ ನೀಲಿಯಾಗುತ್ತಿರುವುದನ್ನು ಕಂಡು, ಅವನು ತನ್ನ ಒಡೆದ ಕಂಠವನ್ನೆಲ್ಲ ಒಟ್ಟುಗೂಡಿಸಿ, "ಶರವ್ವಾ, ನಾವು ಸಿಕ್ಕೊಂಡೇವಿ," ಎಂದು ಕೂಗಿದನು.

ಮೂರು ದಶಕಗಳ ಅಧಿಕಾರವನ್ನು ಸೀಟಿಯಿಲ್ಲದೆ ಒಪ್ಪಿಸಿಕೊಟ್ಟ ಆ ಕೂಗು ಏರಿಯನ್ನು ದಾಟಿ, ಬಡಾವಣೆಯ ತಾರಸಿಗಳನ್ನು ತಲುಪಿತು. ಕುರ್ಚಿಗಳು ಹಿಂದಕ್ಕೆ ಉರುಳಿದವು. ಗೇಟುಗಳು ಒಂದರ ಹಿಂದೆ ಒಂದು ಕಿರ್ರೆಂದವು. ಹಾಕಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ. ಕಾಶವ್ವನು ಹಿಟ್ಟಿನ ಕೈಯಲ್ಲೇ ಬಂದಳು. ಹದಿನೆಂಟನೆಯ ನಂಬರಿನಾಕೆ ಗಂಡನ ಹರಿದ ಪ್ಯಾಂಟಿಗೆ ಸೆರಗು ಮರೆಮಾಡಿ ಹಗ್ಗಕ್ಕೆ ಕೈಹಾಕಿದಳು. ಮೂವತ್ತೊಂದು ಜನ ಎಂಬತ್ತಾದರು.

ಶರವ್ವನು ಕಟ್ಟೆಯಿಂದಿಳಿದು, ಚಹಾದ ಸೌಟನ್ನು ದಂಡದಂತೆ ಹಿಡಿದು, ಪಡುವಣ ದಂಡೆಯವರನ್ನೆಲ್ಲ ಮೂಡಣಕ್ಕೆ ಕರೆಸಿದಳು. ಪಡುವಣದ ಹಗ್ಗವನ್ನು ಬಿಡಿಸಿ ತಂದು, ಅದರ ತುದಿಯನ್ನು ಮೆಹಜಬೀನ್ ಎದೆಯುದ್ದ ನೀರಿಗಿಳಿದು ವೀರರಿಬ್ಬರ ಕಂಕುಳಡಿಯಲ್ಲಿ ಒಟ್ಟಿಗೆ ಬಿಗಿದಳು.

"ಸೀಟಿ ಯಾರೂ ಊದೂ ಹಂಗಿಲ್ಲ," ಎಂದಳು ಶರವ್ವ. "ನಾ ರೊಟ್ಟಿ ಬಡಧಂಗ ಕೈ ಬಡೀತೇನಿ. ಬಡದಾಗ ಎಳೀರಿ. ಬಿಟ್ಟಾಗ ಉಸರ ತಗೋರಿ. ಅಷ್ಟ."

ಅವಳು ಬಡಿದಳು. ಎಂಬತ್ತು ಜನ ಎಳೆದರು. ಅವಳು ಬಿಟ್ಟಳು, ಎಂಬತ್ತು ಜನ ಉಸಿರಾಡಿದರು. ಅಲ್ಲಿ ಬಸ್ಸಿನ ಪಕ್ಷವಿರಲಿಲ್ಲ, ಕವಾಯತಿನ ಪಕ್ಷವಿರಲಿಲ್ಲ; ರೊಟ್ಟಿಯ ಸದ್ದನ್ನು ಅರಿಯದವರು ಆ ಸೀಮೆಯಲ್ಲೇ ಇರಲಿಲ್ಲ. ಏಳನೆಯ ಬಡಿತಕ್ಕೆ ಪಾತಾಳವು ತನ್ನ ಹಿಡಿತವನ್ನು ಸಡಿಲಿಸಿ, ಯಾವ ಶಿಷ್ಟ ಸಭೆಯಲ್ಲಿಯೂ ಅನುಕರಿಸಲಾಗದ ಒಂದು ಶಬ್ದವನ್ನು ಹೊರಡಿಸಿತು. ಭೂಮಿಯು ಎರಡನೆಯ ಬಾರಿ ನಡುಗಿತು. ಈರಸಂಗಪ್ಪನೂ ನೇಮಣ್ಣನೂ ಅವಳಿ ಮಕ್ಕಳಂತೆ ಅಪ್ಪಿಕೊಂಡು ಹೊರಬಂದರು. ಅವರ ಹಿಂದೆ, ಅವರ ಕಾಲು ತೋಳು ಸೊಂಟಗಳಿಗೆ ಬೇರು ಸುತ್ತಿಕೊಂಡು, ಆ ಅಜೇಯವಾದ ಕಳೆಯ ಗಡ್ಡೆಯೂ ಸಮೂಲವಾಗಿ ದಂಡೆಗೆ ಬಂದು ಬಿದ್ದಿತು. ನೇಮಣ್ಣನ ಎಡಗಾಲಿನ ಬೂಟು ಬರಲಿಲ್ಲ.

ಜಯಘೋಷವು ಮುಗಿಲು ಮುಟ್ಟಿತು. ಕಾಶವ್ವನು ಗಂಡನನ್ನು ಮೇಲಿನಿಂದ ಕೆಳಗೆ ನೋಡಿ, ಹಿಟ್ಟಿನ ಕೈಯಿಂದಲೇ ಅವನ ಕಿವಿಯಲ್ಲಿದ್ದ ಬಸವನಹುಳವನ್ನು ತೆಗೆದು ನೀರಿಗೆ ಬಿಟ್ಟು, "ಇಬ್ಬರೂ ಮನಿಗೆ ನಡೀರಿ, ಬಿಸಿನೀರು ಅದಾವು," ಎಂದಳು. ಯಾರೂ ನಡೆಯಲಿಲ್ಲ. ಚಹಾ ಸುರಿಯಲಾಯಿತು. ಮಂಡಕ್ಕಿಯ ಚೀಲವೊಂದು ಎಲ್ಲಿಂದಲೋ ಬಂದಿತು. ಕೈ ಕೈಗಳಲ್ಲಿ ಹಾದು ಹೋಗುತ್ತಿದ್ದ ಅದರ ಜೊತೆಗೆ ಹೆಸರುಗಳೂ ಹಾದು ಹೋಗತೊಡಗಿದವು.

ಮೆಹಜಬೀನ್ ಹಗ್ಗ ಹಿಡಿದು, ಕಳೆ ಕಿತ್ತ ಜಾಗದಲ್ಲಿ ತೆರೆದುಕೊಂಡಿದ್ದ ನೀರನ್ನು ಅಳೆದಳು. ಎಂಬತ್ತು ಜನರು ಉಸಿರು ಬಿಗಿಹಿಡಿದರು. ಎಷ್ಟೋ ವರ್ಷಗಳ ನಂತರ ಮುದ್ದವ್ವನ ಕೆರೆಯಲ್ಲಿ ಆಕಾಶದ ಒಂದು ತುಂಡು ಪ್ರತಿಫಲಿಸುತ್ತಿತ್ತು.

"ಉದ್ದ ಹತ್ತು ಫೂಟು," ಎಂದಳು ಅವಳು. "ಅಗಲ ಐದು."

"ಇನ್ನ ಎಷ್ಟ ಉಳೀತ್ರಿ?" ಎಂದನು ಈರಸಂಗಪ್ಪ.

ಮೆಹಜಬೀನ್ ತಲೆಯೆತ್ತಿ ಹನ್ನೊಂದು ಎಕರೆಯ ಕಡೆ ಒಮ್ಮೆ ನೋಡಿ, "ಉಳದದ್ದೆಲ್ಲಾ," ಎಂದಳು.

ಆಗ ಏರಿಯ ಕೆಳಗಿನಿಂದ ಒಂದು ಎಮ್ಮೆಯು ಹತ್ತಿ ಬಂದಿತು. ಅದು ಯಾರದೆಂದು ಯಾರಿಗೂ ತಿಳಿಯಲಿಲ್ಲ. ಎಂಬತ್ತು ಜನರ ನಡುವೆ ದಾರಿ ಮಾಡಿಕೊಂಡು, ಯಾರ ಮುಖವನ್ನೂ ನೋಡದೆ, ಅದು ಆ ನೀರಿಗಿಳಿದು ಕುಳಿತಿತು. ನೀರು ಕಾಣದಾಯಿತು. ಅದರ ಮೂತಿಯ ಮುಂದೆ ಒಂದು ಕಡೆಯ ಕಳೆ, ಬಾಲದ ಹಿಂದೆ ಇನ್ನೊಂದು ಕಡೆಯ ಕಳೆ. ವೀರರಿಬ್ಬರೂ ಕೆಸರಿನ ಕೈಯಲ್ಲಿ ಮಂಡಕ್ಕಿ ಹಿಡಿದುಕೊಂಡು ಬಹಳ ಹೊತ್ತು ಅದನ್ನೇ ನೋಡಿದರು. ಎಮ್ಮೆಯು ಸುಖದಿಂದ ಕಣ್ಣುಮುಚ್ಚಿ, ಒಮ್ಮೆ ಮಗ್ಗುಲು ಹೊರಳಲು ನೋಡಿತು. ಜಾಗ ಸಾಲಲಿಲ್ಲ.